ಎತ್ತಿದ ಸ್ಲೇಟು

ನಮ್ಮ ಎರ್ಲೆಂಕೂರಿನ ಚೌಕದಲ್ಲಿ ಫ್ರೈಸ್ ಗಾಡಿ ಇಟ್ಟುಕೊಂಡಿದ್ದ ಎದ್ವೀಜಳಿಗೆ ನಲವತ್ತೇಳನೆಯ ವಯಸ್ಸಿನಲ್ಲಿ ಕ್ರಿಯಾಪದಗಳ ಹುಚ್ಚು ಹಿಡಿಯಿತು. ಒಂದು ಕೈಯಲ್ಲಿ ಜಾಲರಿ, ಇನ್ನೊಂದು ಕೈಯಲ್ಲಿ ಪೆನ್ಸಿಲು. ಆಲೂಗಡ್ಡೆ ಸೀಳುಗಳನ್ನು ಮೊದಲ ಸಲ ಕರಿದು ಆರಲು ಬಿಟ್ಟಾಗ ಪೊಟ್ಟಣದ ಕಾಗದದ ಮೇಲೆ ಒಂದು ಕ್ರಿಯಾಪದ ಬರೆಯುವಳು. ಎರಡನೆಯ ಸಲ ಕರಿದು ಹೊಂಬಣ್ಣ ಬರುವಷ್ಟರಲ್ಲಿ ಅದನ್ನು ನಾನು, ನೀನು, ಅವನು, ಅವಳು ಎಂದು ಕೊನೆಯವರೆಗೂ ಓಡಿಸಿ ಮುಗಿಸುವಳು. ಆಮೇಲೆ ಅದೇ ಕಾಗದವನ್ನು ಸುರುಳಿ ಸುತ್ತಿ, ಫ್ರೈಸ್ ತುಂಬಿ, ಗಿರಾಕಿಯ ಕೈಗಿಡುವಳು. ತಿಂದು ಮುಗಿಸಿ ಕಾಗದ ಬಿಡಿಸಿದವರಿಗೆ ಮೇಯೋನೇಸ್ ಮೆತ್ತಿಕೊಂಡ ವ್ಯಾಕರಣ ಸಿಗುತ್ತಿತ್ತು. “ನಾನು ಹೋಗಿರುತ್ತಿದ್ದೆ, ನೀನು ಹೋಗಿರುತ್ತಿದ್ದೆ, ಅವಳು ಹೋಗಿರುತ್ತಿದ್ದಳು, ನಾವು ಹೋಗಿರುತ್ತಿದ್ದೆವು...”

ಈ ಕಾಲಕ್ಕೆ ಫ್ರೆಂಚ್ ವ್ಯಾಕರಣದ ಪುಸ್ತಕದಲ್ಲಿ ಮಾರುದ್ದದ ಹೆಸರಿದೆ. ನಮ್ಮೂರಿನವರು ಅದನ್ನು ‘ಆಗಿರುತ್ತಿತ್ತು’ ಎಂದಷ್ಟೇ ಕರೆಯುತ್ತಾರೆ. ಆಗಬಹುದಾಗಿತ್ತು, ಆಗಲಿಲ್ಲ, ಅಂಥದ್ದನ್ನು ಹೇಳುವುದಕ್ಕೆಂದೇ ಇರುವ ಕಾಲ ಅದು. ಅದನ್ನು ಕಟ್ಟಲು ಎರಡು ಸಹಾಯಕ ಪದಗಳಿವೆ. ಬಹುಪಾಲು ಕ್ರಿಯಾಪದಗಳು ತೆಪ್ಪಗೆ ಮೊದಲನೆಯದನ್ನು ಹಿಡಿಯುತ್ತವೆ. ಹೋಗುವುದು, ಬರುವುದು, ಹುಟ್ಟುವುದು, ಸಾಯುವುದು ಇತ್ಯಾದಿ ಹದಿನೈದಿಪ್ಪತ್ತು ಮೊಂಡು ಪದಗಳು ಮಾತ್ರ ನಮಗೆ ಎರಡನೆಯದೇ ಬೇಕೆಂದು ಹಟ ಹಿಡಿಯುತ್ತವೆ. ಅವುಗಳ ಜೊತೆಗೆ ಹೆಂಗಸರು ಬಂದರೆ ಪದದ ಕೊನೆಗೊಂದು ಬಾಲ, ಹೆಂಗಸರು ಹಲವರಾದರೆ ಬಾಲಕ್ಕೊಂದು ಬಾಲ. ಎದ್ವೀಜ್ ಎಡವುತ್ತಿದ್ದದ್ದು ಅಲ್ಲೇ.

ನಮ್ಮ ಜನವೂ ಸಾಮಾನ್ಯರಲ್ಲ. ಮಂತ್ರಿ ಕದ್ದರೆ ಹೆಗಲು ಕುಣಿಸಿ ಸುಮ್ಮನಾಗುತ್ತಾರೆ, ಕ್ರಿಯಾಪದ ಕೆಟ್ಟರೆ ಕೆಂಡವಾಗುತ್ತಾರೆ. ಜನವರಿಯ ಹೊತ್ತಿಗೆ ಗಾಡಿಯ ಮುಂದೆ ಫ್ರೈಸ್ ಕೊಳ್ಳುವವರಿಗಿಂತ ಜಗಳವಾಡುವವರೇ ಹೆಚ್ಚಾದರು.

“ಎದ್ವೀಜಮ್ಮಾ, ನಿನ್ ಫ್ರೈಸ್ ಚೆನ್ನಾಗಿತ್ತು. ನಿನ್ ‘ಸತ್ತಿರುತ್ತಿದ್ದಳು’ ಮಾತ್ರ ಕೆಟ್ಟುಹೋಗಿತ್ತು,” ಎಂದು ಜಿಡ್ಡು ಕಾಗದ ಹಿಡಿದು ವಾಪಸ್ ಬಂದವನು ಝೆಫಿರಿನ್. ಗಣಿ ಮುಚ್ಚಿದ ಮೇಲೆ ಡೊಮಿನೊ ಆಟವನ್ನೇ ಉದ್ಯೋಗ ಮಾಡಿಕೊಂಡಿದ್ದ ಮುದುಕ.

“ನಿನ್ನನ್ಯಾರು ಓದು ಅಂದ್ರು? ತಿಂದು ಬಾಯಿ ಒರೆಸ್ಕೊಂಡು ಹೋಗೋದು ಬಿಟ್ಟು!”

“ಕಾಗದ ನೆಕ್ಕೋವಾಗ ಕಣ್ಣಿಗೆ ಬಿತ್ತು ಕಣಮ್ಮ. ತಪ್ಪು ಸಹಾಯಕ ಹಾಕಿದೀಯ. ನಾನು ಬದುಕಿದೀನಲ್ಲ, ಅದಕ್ಕೇ ಹೇಳ್ತಿದೀನಿ. ಸತ್ತಿದ್ರೆ ಹೇಳಿರ್ತಿದ್ನಾ?”

“ಹೇಳಿರ್ತಿದ್ದೆ. ನಿನ್ ಬಾಯಿ ಹೆಣವಾದ್ಮೇಲೂ ಮುಚ್ಚಲ್ಲ,” ಎಂದಳು ಎದ್ವೀಜ್. ಗಾಡಿಯ ಸುತ್ತ ನಗೆಯೆದ್ದಿತು. ಅವಳು ಮಾತ್ರ ಕಾಗದ ಕಿತ್ತುಕೊಂಡು ತಪ್ಪು ಎಲ್ಲಿದೆಯೆಂದು ಹುಡುಕತೊಡಗಿದಳು. ಅಷ್ಟರಲ್ಲಿ ಒಂದು ಜಾಲರಿ ಫ್ರೈಸ್ ಸೀದು ಇದ್ದಿಲಾಯಿತು.

ಇದೆಲ್ಲ ಫೆಬ್ರವರಿಯ ಮೊದಲ ಭಾನುವಾರಕ್ಕಾಗಿ. ಆ ದಿನ ಚರ್ಚಿನ ಪೂಜೆ ಮುಗಿದು ಊಟದ ಹೊತ್ತಾಗುವ ಮೊದಲು ಚೌಕದ ಕೆಫೆಯಲ್ಲಿ ಕ್ರಿಯಾಪದಗಳ ಪಂದ್ಯ ನಡೆಯುತ್ತದೆ. ಹಳೆಯ ಶಾಲೆಯಲ್ಲಿ ನಡೆಯುತ್ತಿದ್ದ ಹಾಗೇ ಇಲ್ಲಿಯೂ: ಕೈಗೊಂದು ಸ್ಲೇಟು, ಒಂದು ಬಳಪ, ಒಂದು ಒದ್ದೆ ಬಟ್ಟೆ. ಮೇಷ್ಟ್ರು ಕ್ರಿಯಾಪದ ಹೇಳುತ್ತಾರೆ, ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಾರೆ. ಮೇಷ್ಟ್ರು ಮರದ ಪಟ್ಟಿಯಿಂದ ಮೇಜಿಗೆ ‘ಟಕ್’ ಎಂದು ಒಂದು ಏಟು ಹಾಕಿದ ಕೂಡಲೇ ಸ್ಲೇಟು ತಲೆಯ ಮೇಲೆ ಎತ್ತಬೇಕು. ಎತ್ತಿದ ಮೇಲೆ ತಿದ್ದುವ ಹಾಗಿಲ್ಲ, ತಪ್ಪಿದ್ದರೆ ಹೊರಗೆ. ಕೊನೆಗೆ ಉಳಿದ ಇಬ್ಬರಿಗೆ ಕೇಳುವುದೆಲ್ಲ ‘ಆಗಿರುತ್ತಿತ್ತು’ ಕಾಲದಲ್ಲೇ. ಗೆದ್ದವರಿಗೆ ಒಣಗಿಸಿದ ಹಂದಿ ತೊಡೆ.

“ತೊಡೆ ಬೇಕಿದ್ರೆ ನಾನೇ ತಂದ್ಕೊಡ್ತೀನಲ್ಲೇ,” ಎಂದ ಅವಳ ಗಂಡ ಒಮೇರ್, ಆಲೂಗಡ್ಡೆ ಸುಲಿಯುತ್ತ. ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಅವನ ಉತ್ತರ ತಿನ್ನುವುದರಲ್ಲೇ ಇರುತ್ತಿತ್ತು.

“ನಿನ್ ತೊಡೆ ಯಾವನಿಗೆ ಬೇಕು? ಗೆದ್ದು, ಎದ್ದು ನಿಂತು ಮೇಷ್ಟ್ರನ್ನ ಕೇಳ್ತೀನಿ. ಎಲ್ಲರ ಎದುರಿಗೆ ಕೇಳ್ತೀನಿ. ಎದ್ವೀಜ್ ಪರೀಕ್ಷೆ ಪಾಸಾಗಿರ್ತಿದ್ಲು ಅಂತ ಆ ಮನುಷ್ಯ ಒಪ್ಕೋಬೇಕು. ನಂಗೆ ಬೇಕಾಗಿರೋದು ಅಷ್ಟೇ.”

“ಮೂವತ್ಮೂರು ವರ್ಷ ಆಯ್ತು ಕಣೇ.”

“ಆಯ್ತು. ಏನೀಗ?”

ಮೂವತ್ತಮೂರು ವರ್ಷದ ಹಿಂದೆ, ಹದಿನಾಲ್ಕು ತುಂಬಿದ ಮಕ್ಕಳನ್ನು ಎನ್ಬೆಲ್ ಮೇಷ್ಟ್ರು ಜೂನ್ ತಿಂಗಳಲ್ಲಿ ಬಸ್ಸು ಹತ್ತಿಸಿ ಪಕ್ಕದ ಊರಿಗೆ ಪರೀಕ್ಷೆಗೆ ಕರೆದೊಯ್ಯುತ್ತಿದ್ದರು. ಯಾರು ಹೋಗಬೇಕೆಂಬ ಪಟ್ಟಿಯನ್ನು ಬರೆಯುವವರು ಅವರೇ. ಖಂಡಿತ ಪಾಸಾಗುತ್ತಾರೆ ಎನ್ನುವವರ ಹೆಸರು ಮಾತ್ರ ಬರೆಯುತ್ತಿದ್ದರು. ಅವರ ಶಾಲೆಯಿಂದ ಹೋದವರಲ್ಲಿ ಒಬ್ಬರೂ ನಪಾಸಾದದ್ದಿಲ್ಲ, ಅದು ಅವರ ಹೆಮ್ಮೆ. ಆ ವರ್ಷ ಪಟ್ಟಿಯಿಂದ ಬಿಟ್ಟದ್ದು ಒಂದೇ ಒಂದು ಹೆಸರು. ಆ ಪರೀಕ್ಷೆ ಪಾಸಾಗಿದ್ದರೆ ಎದ್ವೀಜ್ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತಿರುತ್ತಿದ್ದಳು. ಮುದ್ರೆ ಒತ್ತುವ ಸದ್ದೆಂದರೆ ಅವಳಿಗೆ ಚಿಕ್ಕಂದಿನಿಂದ ಪ್ರಾಣ. ಬಸ್ಸು ಅವಳ ಜೊತೆಯವರನ್ನು ಪರೀಕ್ಷೆಗೆ ಕರೆದೊಯ್ದ ಮರುವಾರ, ಇನ್ನೊಂದು ಬಸ್ಸು ಅವಳನ್ನು ರೂಬೆ ಪಟ್ಟಣದ ನೂಲಿನ ಗಿರಣಿಗೆ ಕರೆದೊಯ್ಯಿತು. ಗಿರಣಿ ಮುಚ್ಚುವವರೆಗೂ ದಿನವೂ ಅದೇ ಬಸ್ಸು.

ಅವಳ ಹೊಟ್ಟೆ ಉರಿಯುತ್ತಿದ್ದದ್ದು ಇನ್ನೊಂದು ಕಾರಣಕ್ಕೆ. ಎನ್ಬೆಲ್ ಮೇಷ್ಟ್ರು ಪ್ರತಿ ಶುಕ್ರವಾರ ಅವಳ ಗಾಡಿಗೆ ಬರುತ್ತಿದ್ದರು. “ನಮಸ್ಕಾರ, ಮದಾಮ್. ಸಣ್ಣ ಪೊಟ್ಟಣ, ಉಪ್ಪು ಕಮ್ಮಿ,” ಎನ್ನುತ್ತಿದ್ದರು. ಮದಾಮ್! ಎಂಟು ವರ್ಷ ತಮ್ಮ ಮೂರನೆಯ ಬೆಂಚಿನಲ್ಲಿ ಕೂತಿದ್ದ ಹುಡುಗಿಯ ನೆನಪು ಆ ಮನುಷ್ಯನಿಗೆ ಇದೆಯೋ ಇಲ್ಲವೋ, ಅವಳಿಗೆ ಅವತ್ತಿಗೂ ತಿಳಿದಿರಲಿಲ್ಲ. ಒಂದು ಶುಕ್ರವಾರವಾದರೂ ಉಪ್ಪು ಜಾಸ್ತಿ ಹಾಕಬೇಕೆಂದು ಅವಳಿಗೆ ಅನಿಸಿದ್ದುಂಟು. ಹಾಕಲಿಲ್ಲ, ಕಸುಬಿಗೆ ಮೋಸ ಮಾಡುವ ಹೆಂಗಸಲ್ಲ ಅವಳು.

ಆ ಭಾನುವಾರ ಕೆಫೆಯ ಬಾಗಿಲು ಹಾಕಲು ಆಗದಷ್ಟು ಜನ. ಕೋಟುಗಳ ಒದ್ದೆ ವಾಸನೆ, ಚಿಕೋರಿ ಕಾಫಿಯ ವಾಸನೆ, ಬಿಯರಿನ ನೊರೆ. ಹಿಂದಿನ ಮೂಲೆಯ ಮೇಜಿನಲ್ಲಿ ಝೆಫಿರಿನ್ ಮತ್ತವನ ಮೂವರು ಗೆಳೆಯರು ಎಂದಿನಂತೆ ಡೊಮಿನೊ ಹರಡಿಕೊಂಡು ಕೂತಿದ್ದರು. ಪಂದ್ಯ ಇರಲಿ, ಪ್ರಳಯವಾಗಲಿ, ಭಾನುವಾರದ ಡೊಮಿನೊ ನಿಲ್ಲಿಸಿದ ಚರಿತ್ರೆ ನಮ್ಮೂರಿನಲ್ಲಿಲ್ಲ. ಮುಂದೆ ಎರಡು ಸಾಲು ಬೆಂಚು, ಹದಿನೆಂಟು ಸ್ಪರ್ಧಿಗಳು. ಅವರೆದುರಿಗೆ ಎನ್ಬೆಲ್ ಮೇಷ್ಟ್ರು. ಎಪ್ಪತ್ತೊಂಬತ್ತು ವರ್ಷ, ಬೂದು ಕೋಟು, ಕೈಯಲ್ಲಿ ಅದೇ ಮರದ ಪಟ್ಟಿ. ಪಟ್ಟಿ ಕಂಡ ಕೂಡಲೇ ನಲವತ್ತು ದಾಟಿದವರೆಲ್ಲ ತಮಗೇ ಗೊತ್ತಿಲ್ಲದೆ ಬೆನ್ನು ನೆಟ್ಟಗೆ ಮಾಡಿದರು.

ವರ್ತಮಾನ ಕಾಲದಲ್ಲಿ ಐವರು ಹೋದರು. ಭವಿಷ್ಯತ್ತಿನಲ್ಲಿ ಬ್ರೆಡ್ ಅಂಗಡಿಯವನು ಬಿದ್ದಾಗ ಅವನ ಹೆಂಡತಿ ಹಿಂದಿನಿಂದ, “ಥೂ, ನಿನ್ ಭವಿಷ್ಯ ನಂಗೆ ಮೊದಲೇ ಗೊತ್ತಿತ್ತು!” ಎಂದು ಕೂಗಿದಳು. ಭೂತಕಾಲ ಆರು ಜನರನ್ನು ನುಂಗಿತು. ‘ಟಕ್’ ಎಂದರೆ ಸ್ಲೇಟುಗಳು ಮೇಲೆ, ‘ಇಳಿಸಿ’ ಎಂದರೆ ಕೆಳಗೆ. ಎದ್ವೀಜಳ ಕೈ ಬೆವರಿ ಬಳಪ ಜಾರುತ್ತಿತ್ತು, ಆದರೂ ಅವಳಿಗೆ ಇಂಥ ಖುಷಿ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ಪದ ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಓಡುತ್ತಿತ್ತು. ಹುಟ್ಟು, ಸಾಯು, ಬರು, ಹೋಗು, ಎಲ್ಲ ಮೊಂಡು ಪದಗಳೂ ಬಾಲ ಅಲ್ಲಾಡಿಸಿಕೊಂಡು ಅವಳ ಹಿಂದೆ ಬಂದವು.

ಕೊನೆಗೆ ಬೆಂಚಿನ ಮೇಲೆ ಇಬ್ಬರೇ. ಒಂದು ತುದಿಯಲ್ಲಿ ಎದ್ವೀಜ್, ಇನ್ನೊಂದು ತುದಿಯಲ್ಲಿ ನೋಟರಿಯ ಗುಮಾಸ್ತ ತಿಬೋ. ಇಪ್ಪತ್ತಾರರ ಹುಡುಗ, ಬೇರೆ ಊರಿನಿಂದ ಬಂದವನು, ಮೂರು ವರ್ಷದಿಂದ ತೊಡೆ ಹೊತ್ತುಕೊಂಡು ಹೋಗುತ್ತಿದ್ದವನು.

“ಎದ್ವೀಜ್! ಅವನನ್ನ ಎರಡು ಸಲ ಕರಿದು ತೆಗಿ!” ಎಂದು ಯಾರೋ ಕೂಗಿದರು.

“ಗುಮಾಸ್ತರೇ, ಈ ಸಲ ಮೂಳೆನೂ ಸಿಗಲ್ಲ!” ಎಂದರು ಇನ್ಯಾರೋ. ತಿಬೋ ನಕ್ಕು ಕನ್ನಡಕ ಒರೆಸಿಕೊಂಡ.

ಈಗ ಬರಿ ‘ಆಗಿರುತ್ತಿತ್ತು’. ಮೊದಲ ಪದ, ಇಬ್ಬರೂ ಸರಿ. ಎರಡನೆಯದು, ಇಬ್ಬರೂ ಸರಿ. ಐದು, ಆರು, ಏಳು. ಪ್ರತಿ ಸಲ ಸ್ಲೇಟು ಮೇಲೇರಿದಾಗಲೂ ಜನ ಕತ್ತು ಚಾಚಿ ನೋಡುವರು, ಮೇಷ್ಟ್ರು ‘ಸರಿ, ಸರಿ’ ಎಂದ ಕೂಡಲೇ ಕೆಫೆ ಕಿತ್ತುಹೋಗುವ ಹಾಗೆ ಕಿರುಚುವರು. ಒಮೇರ್ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಎಂಟನೆಯ ಪದಕ್ಕೆ ತಿಬೋನ ಬಳಪ ಒಮ್ಮೆ ತಡವರಿಸಿದ್ದನ್ನು ಎದ್ವೀಜ್ ಓರೆಗಣ್ಣಿನಲ್ಲಿ ಕಂಡಳು. ಇವನು ಬೀಳುತ್ತಾನೆ, ಇನ್ನೊಂದೆರಡರಲ್ಲಿ ಬಿದ್ದೇ ಬೀಳುತ್ತಾನೆ ಎಂದು ಅವಳ ಮೈಯೆಲ್ಲ ಹೇಳಿತು.

“ಹಿಂತಿರುಗು,” ಎಂದರು ಮೇಷ್ಟ್ರು. “ಸ್ತ್ರೀಯರು. ಬಹುವಚನ.”

ಮೊಂಡು ಪದ, ಬಾಲಕ್ಕೊಂದು ಬಾಲ. ಎದ್ವೀಜ್ ಬಗ್ಗಿದಳು. ಇದು ಅವಳ ಗಾಡಿಯ ಕಾಗದಗಳ ಮೇಲೆ ನೂರು ಸಲ ಬಂದು ಹೋಗಿತ್ತು. ಸಹಾಯಕ ಪದವನ್ನು ಸರಿಯಾಗಿ ಬರೆದು ಕ್ರಿಯಾಪದದ ಅರ್ಧಕ್ಕೆ ಬಂದಿದ್ದಳು. ಕೆಫೆಯಲ್ಲಿ ಬಳಪದ ಕಿರ್ ಕಿರ್ ಬಿಟ್ಟರೆ ಬೇರೆ ಸದ್ದಿಲ್ಲ.

ಟಕ್!

ಎದ್ವೀಜಳ ಎರಡೂ ಕೈ ಸ್ಲೇಟು ಹಿಡಿದು ತಲೆಯ ಮೇಲೆ ಹೋದವು. ಅವಳು ಎತ್ತಲಿಲ್ಲ, ಕೈಗಳೇ ಎತ್ತಿದವು. ಎಂಟು ವರ್ಷ ದಿನಕ್ಕೆ ಇಪ್ಪತ್ತು ಸಲ ಆ ಸದ್ದಿಗೆ ಎತ್ತಿದ ಕೈಗಳು. ಗುಂಪಿನಲ್ಲಿ ಇನ್ನೂ ಏಳೆಂಟು ನಡುವಯಸ್ಸಿನವರ ಕೈ ಬಿಯರ್ ಗ್ಲಾಸಿನ ಸಮೇತ ಮೇಲೆ ಹೋಗಿತ್ತು, ಒಬ್ಬನ ಬಿಯರು ಪಕ್ಕದವಳ ಟೋಪಿಯ ಮೇಲೆ ಸುರಿಯಿತು. ಮೇಷ್ಟ್ರ ಪಟ್ಟಿ ಮಾತ್ರ ಗಾಳಿಯಲ್ಲೇ ಇತ್ತು. ಅವರು ಮೇಜಿಗೆ ಹೊಡೆದೇ ಇರಲಿಲ್ಲ.

ಎಲ್ಲರೂ ಹಿಂದಿರುಗಿ ನೋಡಿದರು. ಮೂಲೆಯಲ್ಲಿ ಝೆಫಿರಿನ್ ಮುಷ್ಟಿ ಮೇಜಿನ ಮೇಲಿಟ್ಟುಕೊಂಡು ಕಲ್ಲಾಗಿದ್ದ. ಡೊಮಿನೊದಲ್ಲಿ ಕೈಯಲ್ಲಿರುವ ಯಾವ ಬಿಲ್ಲೆಯೂ ಹೊಂದದಿದ್ದರೆ ಮಾತಾಡದೆ ಮೇಜಿಗೊಂದು ಗುದ್ದು ಹಾಕಿ ಸರದಿ ಬಿಟ್ಟುಕೊಡುವುದು ಆಟದ ಪದ್ಧತಿ.

“ನನ್... ನನ್ ಹತ್ರ ಐದರ ಬಿಲ್ಲೆ ಇರ್ಲಿಲ್ಲ,” ಎಂದ ಅವನು, ಅಳು ಬರುವ ದನಿಯಲ್ಲಿ.

ತಿಬೋ ಇದ್ಯಾವುದನ್ನೂ ಲೆಕ್ಕಿಸದೆ ಬರೆಯುತ್ತಲೇ ಇದ್ದ. ಅವನು ಓದಿದ ಶಾಲೆಯಲ್ಲಿ ನೋಟ್ ಪುಸ್ತಕವಿತ್ತು, ಮರದ ಪಟ್ಟಿ ಇರಲಿಲ್ಲ. ಮೇಷ್ಟ್ರು ಆಮೇಲೆ ನಿಜವಾದ ಏಟು ಹಾಕಿದರು. ತಿಬೋ ಸ್ಲೇಟು ಎತ್ತಿದ. ಪೂರ್ತಿ ಬರೆದಿದ್ದ, ಎರಡೂ ಬಾಲ ಸಮೇತ.

“ಸರಿ,” ಎಂದರು ಮೇಷ್ಟ್ರು ಅವನ ಕಡೆ ನೋಡಿ. ಎದ್ವೀಜಳ ಕಡೆ ತಿರುಗಿ, “ಅಪೂರ್ಣ. ಎತ್ತಿದ ಸ್ಲೇಟು ಎತ್ತಿದ್ದೇ, ಮದಾಮ್,” ಎಂದರು.

ಕೆಫೆ ಹೊತ್ತಿಕೊಂಡಿತು. “ಅನ್ಯಾಯ!” “ಇನ್ನೊಂದ್ಸಲ ಕೇಳಿ!” “ಝೆಫಿರಿನ್‌ನ ಗಣಿಗೆ ತಳ್ರೋ!” ತಿಬೋ ಎದ್ದು ನಿಂತು, “ಮೇಷ್ಟ್ರೇ, ಹೀಗೆ ಗೆಲ್ಲೋದು ನಂಗೂ ಬೇಡ. ಇನ್ನೊಂದು ಪದ ಕೊಡಿ,” ಎಂದ. ಹುಡುಗ ಸಂಭಾವಿತ.

“ನಿಯಮ ನಿಮಗೆ ಬೇಕೋ ಬೇಡವೋ ಅಂತ ಯಾರೂ ಕೇಳಲಿಲ್ಲ,” ಎಂದರು ಮೇಷ್ಟ್ರು. ಕೆಫೆಯ ಒಡತಿ ತೊಡೆ ತಂದು ತಿಬೋನ ತೋಳಿನಲ್ಲಿಟ್ಟಳು. ಅವನು ಅದನ್ನು ಅಳುವ ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು ನಿಂತ.

ಎದ್ವೀಜಳ ಸ್ಲೇಟು ಇನ್ನೂ ತಲೆಯ ಮೇಲೇ ಇತ್ತು. ಅವಳಿಗೆ ಅಳು ಬರಲಿಲ್ಲ, ಬಂದದ್ದು ಕೋಪ. ಯಾರ ಪಟ್ಟಿಯ ಸದ್ದಿಗೆ ಕೈ ಹೀಗೆ ಪಳಗಿತೋ ಅದೇ ಮನುಷ್ಯ ಅದೇ ಕೈಯನ್ನು ಅಪೂರ್ಣ ಎನ್ನುತ್ತಾನಲ್ಲ! ಅಂದೂ ಹೊರಗೆ, ಇಂದೂ ಹೊರಗೆ. ಗೆದ್ದವಳಾಗಿ ಕೇಳಬೇಕೆಂದಿದ್ದಳು. ಸೋತವಳು ಯಾವ ಬಾಯಲ್ಲಿ ಕೇಳುವುದು?

“ಸೋತವರ ಪದ!” ಎಂದು ಒಮೇರ್ ಕುರ್ಚಿಯ ಮೇಲಿಂದ ಕೂಗಿದ. “ಸೋತವರ ಪದ ಎಲ್ಲಿ?”

“ಹೌದಲ್ಲ! ಸೋತವರ ಪದ! ಸೋತವರ ಪದ!” ಕೆಫೆಯೆಲ್ಲ ಹಿಡಿದುಕೊಂಡಿತು.

ಕೊನೆಯ ಸುತ್ತಿನಲ್ಲಿ ಸೋತವರಿಗೆ ಒಂದು ಹಕ್ಕಿದೆ. ಅವರು ಮೇಷ್ಟ್ರ ಜಾಗದಲ್ಲಿ ನಿಂತು ಮೇಷ್ಟ್ರಿಗೇ ಒಂದು ಪದ ಕೇಳಬಹುದು. ಮೇಷ್ಟ್ರು ತಪ್ಪಿದರೆ ಊರಿಗೆಲ್ಲ ಬಿಯರ್ ಅವರ ಲೆಕ್ಕದಲ್ಲಿ. ಇಪ್ಪತ್ತು ವರ್ಷದಲ್ಲಿ ಒಬ್ಬರಿಗೂ ಒಂದು ತೊಟ್ಟು ಸಿಕ್ಕಿರಲಿಲ್ಲ. ನಿಘಂಟಿನ ತಳ ಕೆರೆದು ತಂದ ಪದಗಳನ್ನೂ ಅವರು ಹಲ್ಲಿನಲ್ಲಿ ಬಾದಾಮಿ ಒಡೆದ ಹಾಗೆ ಒಡೆದಿದ್ದರು.

ಮೇಷ್ಟ್ರು ಮರದ ಪಟ್ಟಿಯನ್ನು ಎದ್ವೀಜಳ ಕೈಗೆ ಕೊಟ್ಟು, ಬೆಂಚಿನ ಮೇಲೆ ಕೂತು, ಅವಳ ಸ್ಲೇಟನ್ನೇ ಒರೆಸಿ ತೊಡೆಯ ಮೇಲಿಟ್ಟುಕೊಂಡರು. ಜನ ನಾಲ್ಕೂ ಕಡೆಯಿಂದ ಪದಗಳನ್ನು ಎಸೆಯತೊಡಗಿದರು. “ಹಾಲು ಕರೆಯೋದು ಕೇಳು, ಎದ್ವೀಜ್! ಹಾಲು ಕರೆಯೋದು!” “ಹೊಲಿಯೋದು ಕೇಳು!” “ಬೇಯಿಸೋದು!” ಎಲ್ಲವೂ ತಲೆ ತಿರುಗಿಸುವ ಪದಗಳೇ. ಅವಳ ಕಿವಿಗೆ ಒಂದೂ ಬೀಳಲಿಲ್ಲ. ಪಟ್ಟಿ ಅವಳು ಎಣಿಸಿದ್ದಕ್ಕಿಂತ ಹಗುರವಾಗಿತ್ತು.

“ಪಾಸಾಗು,” ಎಂದಳು.

ಕೆಫೆ ಒಂದೇ ಗಂಟಲಿನಲ್ಲಿ ನರಳಿತು. “ಅಯ್ಯೋ! ಅದನ್ನ ನಮ್ ನಾಯಿನೂ ಬರೆಯುತ್ತೆ!” “ಬಿಯರ್ ಹೋಯ್ತಲ್ಲೋ!”

“ಮುಚ್ಚ್ರೋ ಬಾಯಿ!” ಎಂದಳು ಎದ್ವೀಜ್. ಚೌಕದ ಆಚೆ ತುದಿಯವರೆಗೆ ಗಿರಾಕಿ ಕರೆದು ಪಳಗಿದ ಗಂಟಲು, ಎಲ್ಲರೂ ಮುಚ್ಚಿದರು. “ಪಾಸಾಗು. ‘ಆಗಿರುತ್ತಿತ್ತು’ ಕಾಲ. ಪೂರ್ತಿ ವಾಕ್ಯ ಬರೀಬೇಕು ಮೇಷ್ಟ್ರೇ. ಕರ್ತೃ ಯಾರು ಅಂದ್ರೆ... ಅರವತ್ಮೂರನೇ ಇಸವಿ ಜೂನ್ ತಿಂಗಳಲ್ಲಿ ನೀವು ಪರೀಕ್ಷೆ ಪಟ್ಟಿಯಿಂದ ಬಿಟ್ರಲ್ಲ, ಆ ಹುಡುಗಿ. ಹೆಸರು ನಾನು ಹೇಳಲ್ಲ.”

ನಮ್ಮೂರಿನಲ್ಲಿ ಎಲ್ಲರಿಗೂ ಎಲ್ಲರ ಕಥೆ ಗೊತ್ತು, ಬಾಯಿ ಬಿಟ್ಟು ಆಡುವುದಿಲ್ಲ ಅಷ್ಟೇ. ಒಮೇರ್ ಮೆಲ್ಲಗೆ ಕುರ್ಚಿಯಿಂದ ಇಳಿದ.

ಮೇಷ್ಟ್ರು ತಲೆಯೆತ್ತಿ ಅವಳನ್ನು ನೋಡಿದರು. ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. ಬಗ್ಗಿ ಬಳಪ ಊರಿದರು. ಯಾವ ಪದಕ್ಕೂ ಅರೆಗಳಿಗೆ ತೆಗೆದುಕೊಳ್ಳದ ಕೈ ನಿಂತೇ ಇತ್ತು. ಇವರಿಗೆ ಹೆಸರು ಗೊತ್ತಿಲ್ಲ, ಎಂದುಕೊಂಡಳು ಎದ್ವೀಜ್. ಅಷ್ಟರಲ್ಲಿ ಬಳಪ ಓಡತೊಡಗಿತು. ಒಂದು ಸಾಲು. ಸ್ವಲ್ಪ ತಡೆದು ಅದರ ಕೆಳಗೆ ಇನ್ನೊಂದು ಸಾಲು. ಅವಳು ಕೇಳಿದ್ದು ಒಂದೇ ವಾಕ್ಯವಾಗಿತ್ತು.

ಎದ್ವೀಜ್ ಪಟ್ಟಿಯೆತ್ತಿ ಮೇಜಿಗೆ ಹೊಡೆದಳು. ಟಕ್!

ಎನ್ಬೆಲ್ ಮೇಷ್ಟ್ರು ಸ್ಲೇಟನ್ನು ತಲೆಯ ಮೇಲೆ ಎತ್ತಿದರು.

“ದೆಲ್ಪಿಯೆರ್ ಎದ್ವೀಜ್ ಪಾಸಾಗಿರುತ್ತಿದ್ದಳು,” ಎಂದಿತ್ತು. ಮನೆತನದ ಹೆಸರು ಮೊದಲು, ಅವಳ ಹೆಸರು ಆಮೇಲೆ, ಪರೀಕ್ಷೆಯ ಪಟ್ಟಿಯಲ್ಲಿ ಬರೆಯುವ ಕ್ರಮದಲ್ಲಿ. ಅವಳ ಮದುವೆಗೆ ಮುಂಚಿನ ಹೆಸರು ಅದು, ಗಾಡಿಯ ಮೇಲೆ ಎಲ್ಲೂ ಇರಲಿಲ್ಲ. ಕೆಳಗಿನ ಸಾಲು ಚಿಕ್ಕದು: “ನಾನು ಹೆಸರು ಬರೆದಿದ್ದರೆ.”

ಮುಂದಿನವರು ಓದಿದರು. ಹಿಂದಿನವರು ಮುಂದಿನವರ ಹೆಗಲ ಮೇಲೆ ಕೈಯೂರಿ ಇಣುಕಿದರು. ಒಮೇರ್ ಓದಿ, ಇನ್ನೊಮ್ಮೆ ಓದಿ, ಟೋಪಿಯಿಂದ ಮೂಗು ಒರೆಸಿಕೊಂಡ. ಡೊಮಿನೊದವರು ಆಟ ಬಿಟ್ಟು ಎದ್ದು ಬಂದರು, ಅದೂ ಭಾನುವಾರ.

“ಸರಿಯಾ ತಪ್ಪಾ? ಯಾರಾದ್ರೂ ಹೇಳ್ರಪ್ಪ,” ಎಂದು ಝೆಫಿರಿನ್ ಪಿಸುಗುಟ್ಟಿದ. “ಬಿಯರ್ ಇದೆಯೋ ಇಲ್ವೋ?”

ಹೇಳಬೇಕಾದವಳು ಎದ್ವೀಜ್. ಪಟ್ಟಿ ಇದ್ದದ್ದು ಅವಳ ಕೈಯಲ್ಲಿ. ಅವಳು ಬಗ್ಗಿ ಒಂದೊಂದೇ ಅಕ್ಷರ ನೋಡಿದಳು, ಕಣ್ಣು ಮಂಜಾದದ್ದರಿಂದ ತುಸು ಹೊತ್ತು ಹಿಡಿಯಿತು.

“ಸರಿ,” ಎಂದಳು. “ಪೂರ್ತಿ ಸರಿ.”

ಕೆಫೆ ಬಿಯರ್ ಸಿಗದಿದ್ದರೂ ಛಾವಣಿ ಹಾರುವ ಹಾಗೆ ಕೂಗಿತು. ತಿಬೋ ತೊಡೆಯನ್ನು ತಲೆಯ ಮೇಲೆತ್ತಿ ಕುಣಿದ. ಎದ್ವೀಜಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದು ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಗಂಡನ ಬೆನ್ನಿಗೊಂದು ಗುದ್ದು ಹಾಕಿದಳು. ತಿರುಗಿ ನೋಡಿದರೆ ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡು ಸ್ಲೇಟನ್ನು ಹಾಗೇ ಎತ್ತಿ ಹಿಡಿದು ಕೂತಿದ್ದರು. ಎಪ್ಪತ್ತೊಂಬತ್ತರ ತೋಳು ನಡುಗುತ್ತಿತ್ತು, ಆದರೂ ಪಟ್ಟಿ ಹಿಡಿದವರು ಹೇಳದೆ ಇಳಿಸುವ ಹಾಗಿರಲಿಲ್ಲ.

ಹಿಂದಿನ ಗೋಡೆಯ ಬಳಿ ನಿಂತಿದ್ದ ಮುದುಕಿಯೊಬ್ಬಳು ಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದಳು. ಅವಳು ಅದನ್ನು ಹಾಕಿಕೊಂಡು ಓದಿ ಮುಗಿಸುವವರೆಗೂ ಎದ್ವೀಜ್ ಕಾದಳು.

“ಇಳಿಸಿ, ಮೇಷ್ಟ್ರೇ,” ಎಂದಳು ಆಮೇಲೆ.